ಗೂಟ ಹಿಡಿದ ಕೈ

ಅಮೆರಿಕದ ಸನ್ನಿವೇಲ್‌ನಲ್ಲಿ, ಮೊಮ್ಮಗಳ ಅಪಾರ್ಟ್‌ಮೆಂಟಿನ ಸ್ಪೀಕರಿನಲ್ಲಿ ತನ್ನದೇ ದನಿ ಕೇಳಿದ್ದೇ ತಡ, ಜವರಮ್ಮನ ಬಲಗೈ ತಾನಾಗಿ ಮುಷ್ಟಿ ಕಟ್ಟಿತು. ಬೀಸುವ ಕಲ್ಲಿನ ಗೂಟ ಹಿಡಿದಂತೆ ಮಂಡಿಯ ಮೇಲೆ ಸುತ್ತತೊಡಗಿತು. ಅಟ್ಲಾಂಟಾದ ರ‍್ಯಾಪರ್ ಒಬ್ಬನ ಎರಡನೇ ಆಲ್ಬಮ್ಮಿಗೆ ಮೊಮ್ಮಗಳು ಕಾವ್ಯಾ ಸಂಗೀತ ಕೂಡಿಸಿದ್ದಳು, ಅಜ್ಜಿಯ ರಾಗಿ ಬೀಸುವ ಪದವನ್ನೇ ಹಾಕಿ.

ಜವರಮ್ಮ ಅದನ್ನು ಫೋನಿಗೆ ಹಾಡಿಕೊಟ್ಟದ್ದು ಒಂದು ಮಾತಿನ ಮೇಲೆ. ಬೀಸಿ ಮುಗಿದ ಮೇಲೆ ಮಾದಪ್ಪಸ್ವಾಮಿಯ ಹೆಸರು ಹೇಳದೆ ಗೂಟದಿಂದ ಕೈ ತೆಗೆಯಬಾರದು. ಆ ಹೆಸರಿರುವುದು ಪದದ ಕೊನೆಯಲ್ಲಿ, ಅದನ್ನು ಬಿಡಕೂಡದು. "ಪ್ರಾಮಿಸ್ ಅಜ್ಜಿ" ಎಂದು ಕಾವ್ಯಾ ಅವಳ ತಲೆ ಮುಟ್ಟಿ ಹೇಳಿದ್ದಳು.

ಈಗ ದನಿ ಮೊದಲ ಸಾಲಿನ ಅರ್ಧಕ್ಕೆ ಬಂದು ಹಿಂದಕ್ಕೆ ಹೋಯಿತು. ಮತ್ತೆ ಬಂತು, ಮತ್ತೆ ಹೋಯಿತು. ಗಾಣದೆತ್ತಿನ ಹಾಗೆ ಸುತ್ತಿ ಸುತ್ತಿ ಹಾಡು ನಿಂತೇಬಿಟ್ಟಿತು.

"ಸ್ವಾಮಿ ಹೆಸ್ರು ಎಲ್ಲವ್ವ?"

"ಬೀಟಿಗೆ ಅಷ್ಟೇ ಫಿಟ್ ಆಗೋದು ಅಜ್ಜಿ. ಅದು ಬಿಡು, ಇಲ್ನೋಡು." ಕಾವ್ಯಾ ಫೋನು ಮುಂದೆ ಹಿಡಿದಳು. "ಆಲ್ಬಮ್ಮಲ್ಲಿ ನನ್ನ ಹೆಸರು ಹಾಕಿದಾರೆ."

ಜವರಮ್ಮ ತನಗೆ ಓದಲು ಬಾರದ ಆ ಅಕ್ಷರಗಳನ್ನು ನಿಧಾನವಾಗಿ ನೋಡಿದಳು. ಮುಷ್ಟಿ ಇನ್ನೂ ಸುತ್ತುತ್ತಲೇ ಇತ್ತು.

"ಹಂಗಾದ್ರೆ ನಿನ್ ಹೆಸ್ರೇ ಹೇಳಿ ಕೈ ಬಿಡ್ಲಾ, ಮಗ?"