ಜಿಂಕೆ ಮಾಂಸದ ಕೊಬ್ಬು

ಶುಕ್ರವಾರ, ಬೆಳಿಗ್ಗೆ ಹತ್ತು ಗಂಟೆ. ಲಬನ್ ಎಂಬ ಈ ಕೊಲ್ಲಿ ದೇಶದ ಮಜ್ಜಿಗೆಯ ಬಾಟಲಿ ತೆರೆದಾಗ, ಅಬ್ಬಾಸಿಯಾದ ನಮ್ಮ ಹಳೆಯ ಅಡುಗೆಮನೆ ನೆನಪಾಯಿತು.

ಬಸುರಿ ಚಿಕ್ಕಮ್ಮನಿಗೆ ಆಗ ಏನು ತಿಂದರೂ ವಾಂತಿ. ಸೊರಗಿ ಹೋಗಿದ್ದರು. ಜಿಂಕೆ ಮಾಂಸವಾದರೆ ತಿಂದೇನು ಎಂದದ್ದೇ ತಡ, ಅಪ್ಪ ಸೂಪರ್‌ಮಾರ್ಕೆಟ್‌ನಿಂದ ಸಾಕುಜಿಂಕೆಯ ಮಾಂಸ ತಂದರು. ಅಮ್ಮ ಅದರ ಕೊಬ್ಬನ್ನೆಲ್ಲ ಕತ್ತರಿಸತೊಡಗಿದರು.

"ಅಯ್ಯೋ, ಕೊಬ್ಬು ಬಿಸಾಡಿದ್ರೆ ಬಾಫಾತ್ ಸಾರಿಗೆ ರುಚಿ ಎಲ್ಲಿಂದ?" ಎಂದರು ಅಪ್ಪ.

"ಇದು ಊರಿನ ಹಂದಿಯಲ್ಲ ಮಾರಾಯ್ರೆ! ಜಿಂಕೆಯ ನಾತ ಇರುವುದೇ ಕೊಬ್ಬಿನಲ್ಲಿ."

ಅಮ್ಮ ಬಿಳಿ ಪೊರೆಯನ್ನೂ ಸುಲಿದು, ಮಾಂಸವನ್ನು ಲಬನ್‌ನಲ್ಲಿ ನೆನೆಸಿಟ್ಟರು. ಮಧ್ಯಾಹ್ನ ತೊಳೆದು, ಒರೆಸಿ, ಮಸಾಲೆ ಮತ್ತು ವಿನೆಗರ್ ಹಾಕಿ ಬೇಯಿಸಿದರು.

ಚಿಕ್ಕಮ್ಮ ಮೂಗಿಗೆ ದುಪಟ್ಟಾ ಒತ್ತಿಕೊಂಡು ಬಾಗಿಲಿಗೆ ಬಂದರು. ನಾವೆಲ್ಲ ಅವರ ಮುಖವನ್ನೇ ನೋಡಿದೆವು. ದುಪಟ್ಟಾ ನಿಧಾನವಾಗಿ ಕೆಳಗಿಳಿಯಿತು.

"ಅಕ್ಕಾ, ಅನ್ನ ಆಯ್ತಾ?"