ಅರಿಶಿನ ಬಟ್ಟೆಯ ಸಾಕ್ಷಿ

ಹಳದಿ ಬಟ್ಟೆಯ ಮೇಲೆ ಐದು ಬೆರಳು ಕೆಂಪಗೆ ಮೂಡಿದವು.

"ಸಿಕ್ಕ ನೋಡ್ರಿ ಕಳ್ಳ!" ಎಂದು ಪಾಲಯ್ಯ ಕೂಗಿದ. ಶಾಲೆಯ ಅಂಗಳದಲ್ಲಿ ನೆರೆದಿದ್ದ ಜನ ಹೋ ಎಂದರು. ಜವಾನ ಕೊಟ್ರಸ್ವಾಮಿ ಅಂಗೈಯನ್ನು ಪಂಚೆಗೆ ಒರೆಸಿಕೊಂಡ. ಮತ್ತೆ ಒರೆಸಿಕೊಂಡ.

"ಕುಂಬಳಕಾಯಿ ಕಳ್ಳ ಅಂದ್ರ ಹೆಗಲು ಮುಟ್ಟಿ ನೋಡ್ಕಂಡಂಗಾತು," ಎಂದ ಪಾಲಯ್ಯ.

ವಿಜ್ಞಾನದ ಟೀಚರ್ ಗಂಗಾಂಬಿಕಾಗೆ ಮೈಯೆಲ್ಲ ಉರಿದುಹೋಯಿತು.

ಕಾನಹೊಸಹಳ್ಳಿಯಿಂದ ಆರು ಕಿಲೋಮೀಟರ್ ಒಳಗಿರುವ ಈ ಹೈಸ್ಕೂಲಿಗೆ ಹಿತ್ತಾಳೆಯ ಗಂಟೆ ಕೊಟ್ಟವನು ಪಾಲಯ್ಯನ ಅಜ್ಜ. ಹೋದ ತಿಂಗಳು ಕರೆಂಟಿನ ಬೆಲ್ಲು ಬಂತು. ಹಳೆಯ ಗಂಟೆ ಸ್ಟೋರ್ ರೂಮು ಸೇರಿತು. ಶಾಲಾ ಸಮಿತಿಯ ಅಧ್ಯಕ್ಷನಾದ ಪಾಲಯ್ಯ ಅದು ಇನ್ನು ತನ್ನ ಮನೆಯ ದೇವರ ಕೋಣೆಗೆ ಎಂದ. ಒಯ್ಯಲು ಬಂದ ದಿನ ಬೀಗ ಹಾಕಿದ್ದು ಹಾಕಿದ ಹಾಗೇ ಇತ್ತು, ಒಳಗೆ ಗಂಟೆ ಮಾತ್ರ ಇರಲಿಲ್ಲ. ಆ ಕೀಲಿಕೈ ಮುಟ್ಟುತ್ತಿದ್ದವರು ಐದು ಜನ.

ಇಂಥದ್ದಕ್ಕೆ ಊರಲ್ಲಿ ಒಂದು ಪದ್ಧತಿಯಿತ್ತು. ಊರಮ್ಮನ ಹೆಸರಿನಲ್ಲಿ ಬಿಳಿ ಬಟ್ಟೆಯನ್ನು ಅರಿಶಿನದ ನೀರಿನಲ್ಲಿ ಅದ್ದಿ ಹಸಿಹಸಿಯಾಗಿ ಹಾಸುವುದು. ಅನುಮಾನವಿದ್ದವರು ಒಬ್ಬೊಬ್ಬರಾಗಿ ಅಂಗೈ ಒತ್ತಬೇಕು. ಕದ್ದವನ ಕೈ ಕೆಂಪಗೆ ಮೂಡುತ್ತದೆ. ನಿನ್ನೆ ಸಂಜೆಯೇ ಊರೆಲ್ಲ ಡಂಗುರ ಸಾರಿಸಿದ್ದರು. ಗುಡಿಯ ಮುಂದೆ ಮಾಡಿಕೊಂಡಿದ್ದರೆ ಗಂಗಾಂಬಿಕಾ ಹಲ್ಲು ಕಚ್ಚಿ ಸುಮ್ಮನಿರುತ್ತಿದ್ದಳೋ ಏನೋ. ಆದರೆ ಶಾಲೆಯಲ್ಲಿ! ಅದೂ ಹೆಡ್ಮಾಸ್ಟರ್ ಶಿವಶಂಕರ ತಾವೇ ಕುರ್ಚಿ ಹಾಕಿಸಿ, ಜಾತ್ರೆಗೆ ಬಂದ ಬೀಗರ ಹಾಗೆ ಕೂತಿದ್ದರು.

ನಾಲ್ವರ ಕೈ ಹಳದಿಯಾಗಿಯೇ ಉಳಿಯಿತು. ಕೆಂಪಾದದ್ದು ಕೊಟ್ರಸ್ವಾಮಿಯದು. ಇಪ್ಪತ್ತಾರು ವರ್ಷ ಆ ಗಂಟೆ ಹೊಡೆದವನು, ಹಬ್ಬ ಬಂತೆಂದರೆ ಹುಣಸೆಹಣ್ಣು ಹಚ್ಚಿ ತಿಕ್ಕಿ ಹೊಳೆಯಿಸುತ್ತಿದ್ದವನು. ನಿವೃತ್ತಿಗೆ ಎಂಟು ತಿಂಗಳಿತ್ತು. ಕೇಸಾದರೆ ನೌಕರಿಯೂ ಹೋಯಿತು, ಪಿಂಚಣಿಯೂ ಹೋಯಿತು.

"ಈಗ್ಲೇ ಠಾಣೆಗೆ ಬರದು ಕೊಡ್ರಿ ಹೆಡ್ಮಾಸ್ತರ," ಎಂದ ಪಾಲಯ್ಯ. ಶಿವಶಂಕರ ಜೇಬಿನಿಂದ ಪೆನ್ನು ತೆಗೆದರು.

"ಪೆನ್ನು ಒಳಗಿಡ್ರಿ ಸಾರ್!"

ಜನರನ್ನು ತಳ್ಳಿಕೊಂಡು ಗಂಗಾಂಬಿಕಾ ಮುಂದೆ ಬಂದಳು. ಹದಿನಾಲ್ಕು ವರ್ಷ ಕೊಟ್ಟೂರಿನಿಂದ ಬಸ್ಸಿನಲ್ಲಿ ಜೋತುಬಿದ್ದು ಬಂದು ಈ ಊರಿಗೆ ಪಾಠ ಹೇಳಿದ್ದಳು. ಸುತ್ತ ನಿಂತವರಲ್ಲಿ ಅರ್ಧ ಜನ ಅವಳ ಕೈಯಲ್ಲೇ ಪಾಸಾದವರು. ಎಲ್ಲರೂ ಬಾಯಿ ತೆರೆದುಕೊಂಡು ನಿಂತಿದ್ದರು. ಅದೇ ಅವಳಿಗೆ ತಡೆಯಲಾಗದ ಸಿಟ್ಟು.

"ಕ್ರಾಂತಿ, ಬಾ ಇಲ್ಲಿ," ಎಂದು ಪಾಲಯ್ಯನ ಮಗಳನ್ನೇ ಕರೆದಳು. "ಹತ್ತನೇ ಕ್ಲಾಸಿನಾಗ ನೂರಕ್ಕ ತೊಂಬತ್ತು ತಗದಾಕಿ ನೀನು. ಅರಿಶಿನ ಯಾವಾಗ ಕೆಂಪಾಗತೈತಿ? ಎರಡು ಮಾರ್ಕಿನ ಪ್ರಶ್ನಿ."

ಹುಡುಗಿ ಅಪ್ಪನ ಮುಖ ನೋಡಿದಳು. "ಪ್ರತ್ಯಾಮ್ಲ ತಾಗಿದ್ರ ಮಿಸ್. ಸುಣ್ಣ, ಸೋಪು, ಸೋಡಾ..."

"ಕೇಳಿದ್ರೇನು? ಮದುಮಕ್ಕಳಿಗೆ ಆರತಿ ಎತ್ತೋ ಮುಂದ ಅರಿಶಿನ ನೀರಿಗೆ ಚಿಟಿಕಿ ಸುಣ್ಣ ಹಾಕ್ತೀರಿ. ಕೆಂಪಾಗತೈತಿ. ಹಂಗಂತ ಮದುಮಗ ಕಳ್ಳ ಏನ್ರಿ? ಅಜ್ಜಿ ಮುತ್ತಜ್ಜಿ ಕಾಲದಿಂದ ನಿಮ್ಮ ಮನ್ಯಾಗ ನೀವಾ ಮಾಡಿದ ಪ್ರಯೋಗ ಇದು. ಅದನ್ನ ತಂದು ಒಬ್ಬ ಮನಷ್ಯಾನ ಕುತ್ತಿಗಿಗೆ ಕಟ್ತೀರಲ್ಲ, ನಾಚಿಕಿ ಆಗಲ್ಲೇನು?"

ಪಾಲಯ್ಯನ ಬಾಯಲ್ಲಿ ಎಲೆಅಡಿಕೆ ಇತ್ತು. ಹೆಬ್ಬೆರಳಿನಲ್ಲಿ ಸುಣ್ಣ ಇನ್ನೂ ಬೆಳ್ಳಗಿತ್ತು. ಗಂಗಾಂಬಿಕಾ ಬಟ್ಟೆಯನ್ನು ಅವನ ಮುಂದೆ ಹಿಡಿದಳು. "ಒತ್ರಿ ನೋಡಾನ."

"ನಾನ್ಯಾಕ ಒತ್ತಲಿ?"

"ಹೆದರಿಕಿ ಏನು?"

ಇಷ್ಟು ಜನರ ಮುಂದೆ ಹಿಂಜರಿಯುವಂತಿರಲಿಲ್ಲ. ಪಾಲಯ್ಯ ಒತ್ತಿದ. ಅವನ ಹೆಬ್ಬೆರಳು ಕೊಟ್ರಸ್ವಾಮಿಯ ಐದು ಬೆರಳಿಗಿಂತ ಕೆಂಪಗೆ ಮೂಡಿತು. ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಆಮೇಲೆ ಅಂಗಳಕ್ಕೆ ಅಂಗಳವೇ ನಕ್ಕಿತು.

"ನೋಡ್ರಿ, ಅಮ್ಮ ನಿಮ್ಮನ್ನೂ ಹಿಡದ್ಲು. ಬರೀರಿ ಸಾರ್, ಇವ್ರ ಹೆಸರೂ ಬರೀರಿ!" ಅವಳು ಬಯಲಿನ ಕಡೆ ಕೈ ತೋರಿಸಿದಳು. "ಅಲ್ಲಿ ಖೊಖೊ ಅಂಗಳಕ್ಕ ಬೆಳಿಗ್ಗೆ ಸುಣ್ಣದ ಗೆರಿ ಎಳದಾರ. ವರ್ಷ ವರ್ಷ ಅದು ಯಾರ ಕೆಲಸ? ಕೊಟ್ರಸ್ವಾಮಿ ಅವ್ರದಾ. ಕೈಯಾಗ ಸುಣ್ಣ ಇರದ ಇನ್ನೇನು ಇರತೈತಿ? ಹೌದಲ್ರಿ ಕೊಟ್ರಸ್ವಾಮಿ?"

ಕೊಟ್ರಸ್ವಾಮಿ ತಲೆ ತಗ್ಗಿಸಿದ. ಕಣ್ಣಲ್ಲಿ ನೀರು ಇಳಿಯಿತು.

ಆ ಕಣ್ಣೀರು ನೋಡಿ ಹೆಂಗಸರು ಪಾಲಯ್ಯನಿಗೆ ಶಾಪ ಹಾಕಿದರು. ಅವನು ಹೆಗಲ ಮೇಲಿನ ವಲ್ಲಿ ಕೊಡವಿಕೊಂಡು ನಡೆದುಬಿಟ್ಟ. ಶಿವಶಂಕರ ಪೆನ್ನು ಜೇಬಿಗಿಟ್ಟು, ದೂರು ಗೀರು ಏನೂ ಇಲ್ಲ, ಗಂಟೆ ಎಲ್ಲಿಯೋ ಕಳೆದುಹೋಗಿದೆ ಎಂದು ಎಲ್ಲರೆದುರು ಹೇಳಿದರು. ಗಂಗಾಂಬಿಕಾ ಅವರನ್ನೂ ಬಿಡಲಿಲ್ಲ. ಗೋಡೆಯ ಮೇಲೆ ವಿಜ್ಞಾನಿಗಳ ಪಟ ಹಾಕಿಸಿ ಅದರ ಕೆಳಗೆ ಇಂಥ ಆಟ ಆಡಿಸಿದಿರಲ್ಲ ಎಂದು ಸ್ಟಾಫ್ ರೂಮಿನಲ್ಲಿ ನಿಲ್ಲಿಸಿ ಕೇಳಿದಳು.

ಸಂಜೆ ಬಸ್ಸಿಗೆ ಕಾದು ನಿಂತಾಗಲೂ ಅವಳ ಸಿಟ್ಟು ಇಳಿದಿರಲಿಲ್ಲ. ಒಬ್ಬ ನಿರಪರಾಧಿ ಇನ್ನೇನು ಬೀದಿಗೆ ಬೀಳುತ್ತಿದ್ದ. ತಾನು ಇವತ್ತು ರಜೆ ಹಾಕಿದ್ದರೆ?

ಕೊಟ್ರಸ್ವಾಮಿ ಓಡೋಡಿ ಬಂದು ಕಾಲಿಗೆ ಬಿದ್ದ.

"ಏಳ್ರಿ ಮೇಲೆ! ನಿಮ್ಮದೇನೈತಿ ತಪ್ಪು? ಕೈಗೆ ಸುಣ್ಣ ತಾಗಿತ್ತು, ಅಷ್ಟಾ."

ಅವನು ಏಳಲಿಲ್ಲ. ಧೂಳಿನಲ್ಲೇ ಕೂತು ಅತ್ತ ಇತ್ತ ನೋಡಿ ದನಿ ತಗ್ಗಿಸಿದ.

"ಇವತ್ತು ಗೆರಿ ಎಳದಿದ್ದು ಡ್ರಿಲ್ ಮಾಸ್ತರ ಓಬಳೇಶ್ ಅವ್ರು ಟೀಚರ್, ನಾನು ಸುಣ್ಣ ಮುಟ್ಟೇ ಇಲ್ಲ, ಗಂಟಿ ಎತ್ಕಂಡು ಹೋಗಿದ್ದು ಅಮ್ಮಗ ಗೊತ್ತಾಗಬಾರದು ಅಂತ ನಳದ ಹತ್ರ ಬಟ್ಟಿ ಸೋಪು ಹಚ್ಚಿ ಮೂರು ಸಲ ಕೈ ತಿಕ್ಕೊಂಡು ಬಂದಿದ್ನಲ್ರಿ, ಆದ್ರೂ ಹೆಂಗ್ರಿ ಹಿಡದ್ಲು ಆ ತಾಯಿ?"