ಫಿರ್ಯಾದಿ

ಗಂಡನಿಗೆ ಬಿಸಿಬಿಸಿ ಅಕ್ಕಿರೊಟ್ಟಿ ಬಡಿಸಿ, ತರಕಾರಿಗೆಂದು ಸುಳ್ಳು ಹೇಳಿ, ನಾಗವೇಣಿ ಬೆಳಗ್ಗೆಯೇ ವಕೀಲರ ಕಚೇರಿಗೆ ಬಂದಿದ್ದಳು. ಗಂಡನ ಪೂರ್ವಾಪರ ತಿಳಿಯಬೇಕಿತ್ತು. ತನ್ನ ಹೆಸರು ಹೇಳದೆ ಅವನದಷ್ಟೇ ಹೇಳಿದಳು. ಗುಮಾಸ್ತ ಕಂಪ್ಯೂಟರಿನಲ್ಲಿ ಪೊಲೀಸ್ ದಾಖಲೆಗಳನ್ನೆಲ್ಲ ಜಾಲಾಡಿದ.

“ಆರೋಪಿ ಅಂತ ಎಲ್ಲೂ ಇಲ್ಲಮ್ಮಾ. ಬಂಗಾರದಂಥ ಮನುಷ್ಯ.”

ಅವಳಿಗೆ ಹೋದ ಜೀವ ಬಂದಂತಾಯಿತು. ಸುಮ್ಮನೆ ಅನುಮಾನಪಟ್ಟೆನಲ್ಲ ಎಂದು ತನ್ನನ್ನೇ ಬೈದುಕೊಂಡು ಎದ್ದಳು.

“ತಾಳಿ, ಫಿರ್ಯಾದಿ ಕಡೆ ನೋಡೇ ಇಲ್ಲ. ಹಾಂ, ಪಾಪ, ಮೂರು ಊರಲ್ಲಿ ಮೂರು ದೂರು ಕೊಟ್ಟಿದ್ದಾರೆ.”

“ಏನಂತ?”

“ಮೂರೂ, ಹೆಂಡತಿ ಕಾಣೆಯಾಗಿದ್ದಾಳೆ ಅಂತ.”

ಅವಳು ಮೇಜಿನತ್ತ ಬಾಗಿದಳು. “ಮೂರನೆಯವಳು... ಯಾವಾಗಿಂದ?”

“ಅದು ನಮ್ಮೂರ ಠಾಣೇಲೇ, ನಿನ್ನೆ ಸಂಜೆ ಕೊಟ್ಟಿದ್ದು,” ಎಂದ ಗುಮಾಸ್ತ. “ಹೆಸರು ನಾಗವೇಣಿ.”